ಉಡಿ ತುಂಬದೆ ಹೊರಡಲಾರದ ಅವ್ವ

ಕೈ, ಕಾಲು, ಮೊಣಕೈ, ಮೊಣಕಾಲು ಎಲ್ಲ ಮುಗಿದು ಲ್ಯಾಪ್, ಅಂದರೆ ಮಡಿಲು, ಎಂಬ ಪದಕ್ಕೆ ಬರುವ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ ಮಣಿಕೊಂಡದ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡಿಕೊಡುತ್ತಿದ್ದೇನೆ. ಮಕ್ಕಳಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಕಲಿಸುವ ಆ್ಯಪ್ ಅವರದು. ಒಂದು ಪದ ಕಳಿಸುತ್ತಾರೆ. ಅದರ ಅರ್ಥ, ಅದು ಹುಟ್ಟಿ ಬಂದ ಬಗೆ, ಅದರ ಬಳಕೆ, ಮೂರನ್ನೂ ಮೊಬೈಲ್ ಪರದೆಯ ಒಂದು ಕಾರ್ಡಿನಲ್ಲಿ ಹಿಡಿಸುವಷ್ಟು ಚಿಕ್ಕದಾಗಿ ಕನ್ನಡದಲ್ಲಿ ಬರೆದುಕೊಡಬೇಕು. ಕೇಳುವುದಕ್ಕೆ ಸುಲಭ. ಮಾಡಲು ಕೂತರೆ ಬೆನ್ನು ಹಿಡಿದುಕೊಳ್ಳುತ್ತದೆ.

ಕೆಲಸ ಹಂಚುವವಳು ರಾಯಚೂರು ಕಡೆಯ ಹುಡುಗಿ. ನನ್ನ ಕೈಯಲ್ಲಿ ಕಲಿತುಹೋದ ಮಕ್ಕಳಿಗಿಂತ ಚಿಕ್ಕವಳು, ಆದರೂ ಈಗ ನನ್ನ ಮೇಲಿನ ಅಧಿಕಾರಿ. ಪಾಪ, ಮರ್ಯಾದೆ ಗೊತ್ತಿರುವ ಹುಡುಗಿ. ಅಂದು ಸಂಜೆ ಫೋನ್ ಮಾಡಿ ತನ್ನ ಗೋಳು ತೋಡಿಕೊಂಡಳು.

"ಮೇಡಂ, ಚಾರ್ಟಿನ್ಯಾಗ ಹುಡುಗ ನಿಂತಾನ್ರಿ. ತಲಿಗೆ ಬಾಣ ಹಾಕೀವಿ, ಭುಜಕ್ಕ ಹಾಕೀವಿ. ಲ್ಯಾಪಿಗೆ ಎಲ್ಲಿ ಹಾಕೂನ್ರಿ? ಚಿತ್ರ ಬರೆಯಾಂವ ನಂಗ ತಿರುಗಿ ಕೇಳಾಕತ್ತಾನ."

"ನಿಂತವರಿಗೆ ಅದು ಇರೋದಿಲ್ಲವ್ವ. ಅವನನ್ನ ಕೂಡಿಸು," ಎಂದೆ.

"ಕೂಡಿಸಿದ್ರ ಉಳದ ಬಾಣ ಎಲ್ಲಾ ಕೆಡ್ತಾವ್ರಿ ಮೇಡಂ. ಈ ಪದಾನ ತಗದ ಬಿಡೂನೇನು?"

ಅಷ್ಟರಲ್ಲಿ ಒಳಕೋಣೆಯ ಬಾಗಿಲು ಕಿರುಗುಟ್ಟಿತು. ಅವ್ವ ಬಂದಳು. ತಲೆ ಬಾಚಿಕೊಂಡು, ಸೀರೆಯ ನೆರಿಗೆ ಸರಿಮಾಡಿಕೊಂಡು, ಹಳೆಯ ಟವೆಲ್ಲಿನಲ್ಲಿ ಎರಡು ಕುಪ್ಪಸ ಮತ್ತು ಒಂದು ಲೋಟ ಕಟ್ಟಿಕೊಂಡು ಬಂದು, ಹೊರಬಾಗಿಲ ಎದುರಿಗೆ ಗೋಡೆಗೆ ಆತು ಕೂತಳು. ಸಂಜೆಯಾಯಿತು ಎಂದು ನನಗೆ ತಿಳಿಯಲು ಗಡಿಯಾರ ಬೇಕಾಗಿಲ್ಲ. ಆಮೇಲೆ ಮಾತಾಡುತ್ತೇನೆ ಎಂದು ಹುಡುಗಿಗೆ ಹೇಳಿ ಫೋನ್ ಇಟ್ಟೆ.

"ವೈನಿ, ಹೊತ್ತಾತ್ರಿ," ಎಂದಳು ಅವ್ವ. "ಹೈದ್ರಾಬಾದ್ ಬಸ್ ಬರೂ ಹೊತ್ತಾತು. ಲಗೂನ ಉಡಿ ತುಂಬ್ರಿ, ಹೊಂಡತೀನಿ."

ನಾನು ಅವಳ ವೈನಿ ಅಲ್ಲ, ಅಂದರೆ ಅವಳ ಅಣ್ಣನ ಹೆಂಡತಿ ಅಲ್ಲ. ನಾನು ಅವಳ ಒಬ್ಬಳೇ ಮಗಳು. ಮತ್ತು ನಾವಿರುವುದು ಹೈದರಾಬಾದಿನಲ್ಲೇ, ಕೂಕಟ್‌ಪಲ್ಲಿಯ ಎರಡನೇ ಮಹಡಿಯಲ್ಲಿ. ಕಿಟಕಿ ತೆರೆದರೆ ಮೆಟ್ರೋ ಹೋಗುವುದು ಕಾಣುತ್ತದೆ. ಬಾಗಲಕೋಟೆ ಕಡೆಯ ಹಳ್ಳಿಯಿಂದ ಅವ್ವ ಮದುವೆಯಾಗಿ ಈ ಊರಿಗೆ ಬಂದವಳು. ಅಪ್ಪ ಕೇಂದ್ರ ಸರಕಾರದ ಒಂದು ಕಾರ್ಖಾನೆಯಲ್ಲಿದ್ದ. ಅದರ ಕ್ವಾರ್ಟರ್ಸಿನಲ್ಲೇ ನಾನು ಬೆಳೆದೆ. ಅಪ್ಪ ನಿವೃತ್ತನಾದ ಮೇಲೆ ಈ ಫ್ಲ್ಯಾಟಿಗೆ ಬಂದೆವು, ಅಪ್ಪ ಇಲ್ಲೇ ಹೋದ. ಅವ್ವನಿಗೆ ಮರೆವು ಹತ್ತಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ. ಮೊದಲು ಉಪ್ಪು ಮರೆತಳು, ಆಮೇಲೆ ಗ್ಯಾಸ್ ಆರಿಸುವುದನ್ನು ಮರೆತಳು. ಈಗ ದಿನವಿಡೀ ಸುಮ್ಮನಿರುತ್ತಾಳೆ. ಬಿಸಿಲು ಇಳಿಯತೊಡಗಿದರೆ ಮಾತ್ರ ಈ ಮನೆ ಅವಳಿಗೆ ತವರುಮನೆಯಾಗುತ್ತದೆ, ನಾನು ವೈನಿಯಾಗುತ್ತೇನೆ, ಅವಳು ಹೈದರಾಬಾದಿನಿಂದ ಹೈದರಾಬಾದಿಗೆ ಹೊರಡುತ್ತಾಳೆ.

ಹೆತ್ತ ತಾಯಿ ತನಗೆ 'ರಿ' ಹಚ್ಚಿ ಮಾತಾಡುವುದನ್ನು ಕೇಳುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಬೈದರೂ ಪರವಾಗಿಲ್ಲ, ಏಕವಚನದಲ್ಲಿ ಬೈಯಲಿ ಎನಿಸುತ್ತದೆ.

ಮೊದಮೊದಲು ನಿಜ ಹೇಳುತ್ತಿದ್ದೆ. ಅವ್ವ, ಇದೇ ಹೈದರಾಬಾದು, ನಾನು ನಿನ್ನ ಮಗಳು, ಅಪ್ಪ ಹೋಗಿ ಬಹಳ ವರ್ಷವಾಯಿತು ಎಂದೆ. ಅವ್ವ ಆ ಸುದ್ದಿಯನ್ನು ಆಗಷ್ಟೇ ಕೇಳಿದವಳಂತೆ ಎದೆ ಬಡಿದುಕೊಂಡು ಅತ್ತಳು. ಮರುದಿನ ಸಂಜೆ ಮತ್ತೆ ಗಂಟು ಕಟ್ಟಿಕೊಂಡು ಬಂದಳು, ನಾನು ಮತ್ತೆ ಹೇಳಿದೆ, ಅವಳು ಮತ್ತೆ ಹಾಗೇ ಅತ್ತಳು. ಅದೇ ಹೆಂಗಸನ್ನು ದಿನದಿನವೂ ವಿಧವೆ ಮಾಡುವ ಕೆಲಸ ನನ್ನ ಕೈಲಾಗಲಿಲ್ಲ. ಎದುರಾಡಬೇಡಿ, ಹೂಂ ಅಂದುಬಿಡಿ ಎಂದು ಡಾಕ್ಟರೂ ಹೇಳಿದರು. ಆಮೇಲೆ ನಾನು ಆ ಮಾತೇ ಎತ್ತಲಿಲ್ಲ. ಸತ್ತವನು ಡ್ಯೂಟಿ ಮುಗಿಸಿ ಬಂದು ಹೆಂಡತಿಯ ದಾರಿ ನೋಡುತ್ತ ಕೂತಿದ್ದಾನೆ ಎಂದೇ ನಾನೂ ನಡೆದುಕೊಂಡೆ.

ಹೊರಬಾಗಿಲಿಗೆ ಆಗ ಬೀಗ ಹಾಕಿಡುತ್ತಿದ್ದೆ. ಒಂದು ಸಂಜೆ ಕಸ ಕೊಟ್ಟುಬರಲು ಕೆಳಗಿಳಿದವಳು ಮರೆತು ಬಾಗಿಲು ತೆರೆದೇ ಹೋಗಿದ್ದೆ. ನೆನಪಾಗಿ ಏದುಸಿರು ಬಿಡುತ್ತ ಓಡಿ ಬಂದರೆ ಅವ್ವ ಹೊಸ್ತಿಲ ಒಳಗೇ ಗಂಟು ಹಿಡಿದು ಕೂತಿದ್ದಳು. ಎದುರಿಗೆ ಹಾರು ಹೊಡೆದ ಬಾಗಿಲು, ಅದರಾಚೆ ಮೆಟ್ಟಿಲು, ಕೆಳಗೆ ಬಸ್ಸುಗಳು ಒಂದರ ಹಿಂದೊಂದು ನುಗ್ಗುವ ರಸ್ತೆ. ಅವಳು ದಾಟಿರಲಿಲ್ಲ.

"ಎಲ್ಲಿ ಹೋಗಿದ್ರಿ ವೈನಿ? ಉಡಿ ತುಂಬದ ಹೆಂಗ ಹೋಗ್ಲಿ ನಾ?" ಎಂದಳು.

ಆಗ ನನಗೆ ಹೊಳೆಯಿತು. ತವರಿಗೆ ಬಂದ ಹೆಣ್ಣುಮಗಳು ಉಡಿ ತುಂಬಿಸಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ. ಸೆರಗಿನ ಮಡಿಕೆಯಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆ, ಕುಪ್ಪಸದ ಕಣ ಹಾಕಿಸಿಕೊಂಡೇ ಅವಳು ಗಂಡನ ಮನೆಗೆ ಹೊರಡಬೇಕು. ತನ್ನ ಮಗಳ ಮುಖ ಮರೆತವಳಿಗೆ ಈ ಕಟ್ಟಳೆ ಮರೆತಿಲ್ಲ. ಅಂದರೆ ಉಡಿ ತುಂಬದಿರುವವರೆಗೆ ಅವ್ವ ಎಲ್ಲಿಗೂ ಹೋಗುವುದಿಲ್ಲ. ಆ ದಿನದಿಂದ ಬೀಗದ ಚಿಂತೆ ಬಿಟ್ಟೆ. ನೆವ ಹೇಳುವುದನ್ನು ಕಲಿತೆ. ತಡೀರಿ, ಅಕ್ಕಿ ಹಸನ ಮಾಡಾಕತ್ತೀನಿ. ತಡೀರಿ, ಅರಿಷಿಣ ತರಾಕ ಕಳಿಸೀನಿ, ಬರ್ಲಿ. ಇವತ್ತ ಅಮಾಸಿ, ನಾಳೆ ತುಂಬತೀನ್ರಿ. ಅವ್ವ ಆಗ್ಲಿ ತಗೋರಿ ಎಂದು ಸೆರಗು ಹರಡಿಕೊಂಡು ಕಾಯುತ್ತಿದ್ದಳು. ಕಾದು ಕಾದು, ಯಾತಕ್ಕೆ ಕಾಯುತ್ತಿದ್ದೇನೆ ಎಂಬುದೇ ಮರೆತು, ಕೂತಲ್ಲೇ ತೂಕಡಿಸುತ್ತಿದ್ದಳು. ಎಬ್ಬಿಸಿ ಎರಡು ತುತ್ತು ಉಣಿಸಿ ಮಲಗಿಸುತ್ತಿದ್ದೆ.

ಇದನ್ನು ಕೇಳಿ ಯಾರಾದರೂ ಛೇ ಎಂದರೆ, ಬಂದು ಒಂದು ವಾರ ನಮ್ಮ ಮನೆಯಲ್ಲಿ ಇದ್ದು ನೋಡಲಿ. ನಾನು ಒಬ್ಬಳೇ. ಮದುವೆಯಾಗಲಿಲ್ಲ, ಅಣ್ಣ ತಮ್ಮ ಅಂತ ಯಾರೂ ಇಲ್ಲ. ನನ್ನ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಅವ್ವನಿಗೆ ಸ್ನಾನ ಮಾಡಿಸಿ ಸೀರೆ ಉಡಿಸುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಅವಳು ರಸ್ತೆಗಿಳಿದರೆ ಹಿಂದೆ ಓಡಿ ಹಿಡಿಯುವ ಶಕ್ತಿ ನನಗಿಲ್ಲ. ಕೆಲವು ಸಂಜೆಗಳಲ್ಲಿ, ಇವಳು ಹೋಗೇ ಬಿಡಲಿ, ಎಲ್ಲಿಗಾದರೂ ಹೋಗಲಿ ಎಂದೂ ಅನಿಸಿದೆ. ಅನಿಸಿದ್ದನ್ನು ಬರೆಯದೆ ಏನು ಮಾಡಲಿ?

ಹುಡುಗಿ ಫೋನ್ ಮಾಡಿದ ಆ ಸಂಜೆಯೂ ಅವ್ವ ಹಾಗೆ ಸೆರಗು ಹರಡಿ ಕಾಯುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ಲ್ಯಾಪ್ ಪದದ ಹುಟ್ಟು ಹುಡುಕಿದೆ. ನಿಘಂಟು ತೆರೆದರೆ ಒಂದು ಸೋಜಿಗ ಕಾದಿತ್ತು. ಹಳೆಯ ಇಂಗ್ಲಿಷಿನಲ್ಲಿ ಅದು ಮೈಯ ಭಾಗವೇ ಅಲ್ಲ, ಬಟ್ಟೆಯ ಭಾಗ. ಉಡುಪಿನ ಜೋತುಬೀಳುವ ಅಂಚಿಗೆ ಹಾಗೆನ್ನುತ್ತಿದ್ದರಂತೆ. ಕೋಟಿನ ಎದೆಯ ಮೇಲೆ ಮಡಚಿದ ಪಟ್ಟಿಗೆ ಲ್ಯಾಪೆಲ್ ಎಂದು ಹೆಸರಾದದ್ದೂ ಅದರಿಂದಲೇ. ಆಮೇಲೆ ಅದು ಕೂತವರ ಮುಂದೆ ಹರಡಿಕೊಳ್ಳುವ, ಎತ್ತಿ ಹಿಡಿದರೆ ಏನನ್ನಾದರೂ ತುಂಬಿಕೊಳ್ಳಬಹುದಾದ ಬಟ್ಟೆಯಾಯಿತು. ಕೊನೆಗೆ ಆ ಬಟ್ಟೆಯ ಕೆಳಗಿರುವ ತೊಡೆಗಳಿಗೆ ಹೆಸರು ಅಂಟಿಕೊಂಡಿತು. ಇಂಗ್ಲೆಂಡಿನ ಹೆಂಗಸರೂ ಒಂದು ಕಾಲಕ್ಕೆ ಲಂಗದ ಮುಂಭಾಗ ಎತ್ತಿ ಹಿಡಿದು ಸೇಬೋ ಮತ್ತೊಂದೋ ಹಾಕಿಕೊಂಡು ಮನೆಗೆ ಬಂದಿರಬೇಕು.

ನಮ್ಮ ಉಡಿಯೂ ಅದೇ ಅಲ್ಲವೆ? ಸೀರೆಯ ಮಡಿಕೆಯೂ ಉಡಿ, ಮಗು ಮಲಗುವ ಜಾಗವೂ ಉಡಿ. ಉಡುವುದಕ್ಕೂ ಉಡಿಗೂ ನಂಟಿದೆಯೆಂದು ನನ್ನ ಊಹೆ. ಪಂಡಿತರು ಇಲ್ಲ ಎಂದರೆ ವಾದಕ್ಕೆ ಇಳಿಯುವಷ್ಟು ತ್ರಾಣ ನನಗಿಲ್ಲ. ಪುಸ್ತಕದಲ್ಲಿ ಮಡಿಲು ಅನ್ನುತ್ತೇವೆ, ಮನೆಯಲ್ಲಿ ತೊಡೆ ಅನ್ನುತ್ತೇವೆ. ಇಲ್ಲಿನ ತೆಲುಗಿನವರು ಒಡಿ ಅನ್ನುತ್ತಾರೆ. ನಾನು ಕಾರ್ಡಿನಲ್ಲಿ ಇಷ್ಟನ್ನೂ ಹಿಡಿಸಲು ಒದ್ದಾಡಿ, ಬಳಕೆಗೆ 'ಮಗು ತಾಯಿಯ ಮಡಿಲಲ್ಲಿ ಕೂತಿದೆ' ಎಂದು ಬರೆದು ಕಳಿಸಿದೆ. ಕಂಪನಿಯವರು ಅದನ್ನು ತೆಗೆದು 'ಬೆಕ್ಕು ಅಜ್ಜಿಯ ಮಡಿಲಲ್ಲಿ ಮಲಗಿದೆ' ಎಂದು ಹಾಕಿದರು. ಬೆಕ್ಕಿನ ಚಿತ್ರ ಅವರ ಹತ್ತಿರ ತಯಾರಿತ್ತಂತೆ. ಬೆಕ್ಕನ್ನು ಹಾಗೆ ಮಲಗಿಸಿಕೊಂಡ ಅಜ್ಜಿಯನ್ನು ನಮ್ಮ ಕಡೆ ನಾನಂತೂ ಕಂಡಿಲ್ಲ. ಹಾಳಾಗಿ ಹೋಗಲಿ ಎಂದು ಸುಮ್ಮನಾದೆ.

ಮುಂದಿನ ಭಾನುವಾರ ಮೇಲಿನ ಮಹಡಿಯವರ ಮನೆಯಲ್ಲಿ ಒಡಿಬಿಯ್ಯಂ ಇತ್ತು. ತೆಲಂಗಾಣದವರಲ್ಲಿ ಅದು ದೊಡ್ಡ ಸಂಭ್ರಮ. ಮದುವೆಯಾದ ಮಗಳನ್ನು ಅಳಿಯನ ಜೊತೆ ಕರೆಸಿ, ಅರಿಷಿಣ ಕಲಸಿದ ಅಕ್ಕಿಯನ್ನು ತವರಿನವರೆಲ್ಲ ಬೊಗಸೆ ಬೊಗಸೆಯಾಗಿ ಅವಳ ಒಡಿಗೆ ಸುರಿಯುತ್ತಾರೆ. ಆ ಮನೆಯ ಗೃಹಿಣಿ ಒಳ್ಳೆಯವರು. ಹಿಂದಿನ ದಿನವೇ ಇಳಿದು ಬಂದು, ಅಮ್ಮಮ್ಮನನ್ನೂ ಕರೆದುಕೊಂಡು ಬಾ, ನಮ್ಮಲ್ಲೇ ಊಟ ಎಂದು ತೆಲುಗಿನಲ್ಲಿ ಒತ್ತಾಯ ಮಾಡಿ ಹೋಗಿದ್ದರು. ಅವ್ವನನ್ನು ಒಬ್ಬಳೇ ಬಿಡುವಂತಿಲ್ಲ. ಬೆಳಗಿನ ಹೊತ್ತು ಅವಳು ಶಾಂತವಾಗಿರುತ್ತಾಳೆ, ಹೋಗಿ ಕೂತು ಉಂಡು ಬಂದರಾಯಿತು ಎಂದುಕೊಂಡೆ. ಲಿಫ್ಟಿನಲ್ಲಿ ಕರೆದುಕೊಂಡು ಹೋಗಿ ಮೂಲೆಯ ಕುರ್ಚಿಯಲ್ಲಿ ಕೂಡಿಸಿದೆ.

ಪಡಸಾಲೆಯ ನಡುವೆ ಆ ಮನೆಯ ಮಗಳು ಹೊಸ ಸೀರೆಯ ಸೆರಗು ಒಡ್ಡಿಕೊಂಡು ಕೂತಿದ್ದಳು. ಅಮ್ಮ, ಅಪ್ಪ, ಚಿಕ್ಕಮ್ಮ ಒಬ್ಬೊಬ್ಬರಾಗಿ ಬಂದು ಹಳದಿ ಅಕ್ಕಿ ಸುರಿದರು. ಕೊಬ್ಬರಿ ಬಟ್ಟಲು, ಖರ್ಜೂರ, ಬ್ಲೌಸ್ ಪೀಸು ಬಿದ್ದವು. ಯಾರೋ ತಮಾಷೆ ಮಾಡಿದರು, ಎಲ್ಲರೂ ನಕ್ಕರು. ನಾನು ಪಕ್ಕದವರ ಜೊತೆ ಎರಡು ಮಾತು ಆಡಿ ತಿರುಗುವಷ್ಟರಲ್ಲಿ ಅವ್ವ ಕುರ್ಚಿಯಲ್ಲಿರಲಿಲ್ಲ. ಆ ಹುಡುಗಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ತನ್ನ ಬಿಳಿ ಅಂಚಿನ ಸೀರೆಯ ಸೆರಗನ್ನು ಎರಡೂ ಕೈಯಿಂದ ಒಡ್ಡಿದ್ದಳು.

ಅಕ್ಕಿಯ ತಟ್ಟೆ ಹಿಡಿದಿದ್ದ ಮುದುಕಿಯೊಬ್ಬರು ಅವ್ವನ ಬರಿಯ ಹಣೆ ನೋಡಿದರು. ತಟ್ಟೆ ಅಲ್ಲೇ ನಿಂತಿತು. ಯಾರೂ ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ನಾನು ಜಗಳ ಮಾಡಿಯಾದರೂ ಹಗುರಾಗುತ್ತಿದ್ದೆ. ಎಲ್ಲರೂ ನನ್ನ ಮುಖ ನೋಡಿದರು, ಅಷ್ಟೆ. ಮನೆಯ ಗೃಹಿಣಿ ಅವ್ವನ ಕೈಗೊಂದು ಬಾಳೆಹಣ್ಣು ಕೊಟ್ಟು ಏಳಿಸಲು ನೋಡಿದರು. ಅವ್ವ ಹಣ್ಣು ತೆಗೆದುಕೊಳ್ಳಲಿಲ್ಲ, ಸೆರಗು ಇಳಿಸಲೂ ಇಲ್ಲ. ತಟ್ಟೆಯನ್ನೇ ನೋಡುತ್ತಿದ್ದಳು. ನಾನು ರಟ್ಟೆ ಹಿಡಿದು ಎಬ್ಬಿಸಿ, ಮೈ ಸರಿಯಿಲ್ಲ ಎಂದು ಏನೋ ಹೇಳಿ, ಊಟಕ್ಕೂ ನಿಲ್ಲದೆ ಕೆಳಗೆ ಕರೆತಂದೆ. ನಾಚಿಕೆ, ಸಿಟ್ಟು, ದುಃಖ, ಯಾವುದು ಎಷ್ಟು ಎಂದು ನನಗೇ ತಿಳಿಯಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಅವ್ವ ಕೇಳಿದಳು.

"ಎಲ್ಲಾರ ಉಡೀನೂ ತುಂಬತಾರ. ನಂದ್ಯಾಕ ತುಂಬೂದಿಲ್ರಿ ವೈನಿ? ನಾ ಏನ ತಪ್ಪ ಮಾಡೇನಿ?"

ಧ್ವನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು. ಇಷ್ಟು ದಿನ ಸಂಜೆಯಾದರೆ ಮರೆಯುತ್ತಾಳೆ, ತೂಕಡಿಸುತ್ತಾಳೆ ಎಂದು ನಾನು ಎಣಿಸಿದ್ದೆ. ನೆವಗಳು ಮರೆತಿದ್ದರೂ, ಕೇಳಿ ಕೇಳಿ ಸಿಗದೇ ಹೋದದ್ದರ ನೋವು ಎಲ್ಲೋ ಉಳಿದುಬಿಟ್ಟಿತ್ತು. ಮೇಲಿನವರು ಊಟದ ಡಬ್ಬಿ ಕಳಿಸಿದರು. ಅವ್ವ ಬಾಯಿ ತೆರೆಯಲಿಲ್ಲ. ತುತ್ತು ಹಿಡಿದರೆ ಮುಖ ತಿರುಗಿಸಿದಳು. ಅನ್ನ ಕಲಸಿದ ತಟ್ಟೆ ಹಾಗೇ ಒಣಗಿತು. ಮಧ್ಯಾಹ್ನವೆಲ್ಲ ಹೊಸ್ತಿಲ ಕಡೆ ಬೆನ್ನು ಮಾಡಿ ಕೂತಿದ್ದಳು. ಸಂಜೆ ಗಂಟು ಕಟ್ಟಲಿಲ್ಲ, ಬಸ್ಸಿನ ಮಾತು ಎತ್ತಲಿಲ್ಲ, ನನ್ನನ್ನು ವೈನಿ ಎಂದು ಕರೆಯಲೂ ಇಲ್ಲ. ಈ ಹೊರಡುವ ಮಾತು ಬೇಡವೆಂದು ದಿನವೂ ಹರಕೆ ಹೊತ್ತಿದ್ದೆನಲ್ಲ, ಅದು ಈಡೇರಿತ್ತು. ಅವಳನ್ನು ಹಾಗೆ ನೋಡಲು ನನ್ನಿಂದ ಆಗಲಿಲ್ಲ.

ಎದ್ದೆ. ಅಡಿಗೆಮನೆಯಲ್ಲಿ ಡಬ್ಬಿಗಳನ್ನು ತೆರೆದೆ. ಅಕ್ಕಿಯಿತ್ತು, ಬೆಲ್ಲವಿತ್ತು. ಅರಿಷಿಣ ಕೊಂಬು ಇರಲಿಲ್ಲ, ಪುಡಿಯನ್ನೇ ಅಕ್ಕಿಗೆ ಕಲಸಿದೆ. ಕೊಬ್ಬರಿ ಬಟ್ಟಲಿನ ಒಂದು ಚೂರು ಸಿಕ್ಕಿತು. ಕಪಾಟಿನಲ್ಲಿ ಎಲ್ಲರ ಮನೆಯಲ್ಲೂ ಇರುವಂಥ, ಯಾರೂ ಹೊಲಿಸದೆ ಮನೆಯಿಂದ ಮನೆಗೆ ದಾಟಿಸುತ್ತ ಬರುವ ಒಂದು ಬ್ಲೌಸ್ ಪೀಸು ಇತ್ತು. ಉಡಿ ತುಂಬುವವಳು ಮುತ್ತೈದೆಯಾಗಿರಬೇಕು, ತುಂಬಿಸಿಕೊಳ್ಳುವವಳೂ ಆಗಿರಬೇಕು. ಇಲ್ಲಿ ತುಂಬುವವಳಿಗೆ ಮದುವೆಯೇ ಆಗಿಲ್ಲ, ತುಂಬಿಸಿಕೊಳ್ಳುವವಳಿಗೆ ಗಂಡನಿಲ್ಲ. ಕೇಳುವವರು ಯಾರು? ಮನೆಯಲ್ಲಿದ್ದದ್ದು ನಾವಿಬ್ಬರೇ. ಹೊರಬಾಗಿಲ ಚಿಲಕ ತೆಗೆದೆ. ಹೊರಟರೆ ಹೊರಡಲಿ, ಕೈ ಹಿಡಿದು ಜೊತೆಗೆ ನಡೆಯುತ್ತೇನೆ, ಮೊಣಕಾಲು ಎಲ್ಲಿಯವರೆಗೆ ಬರುತ್ತದೋ ಬರಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

"ಬರ್ರಿ, ಮೂಡಣಕ್ಕ ಮುಖಾ ಮಾಡಿ ಕುಂದರ್ರಿ," ಎಂದೆ. "ಉಡಿ ತುಂಬತೀನಿ."

ಅವ್ವ ತಿರುಗಿದಳು. ನಂಬಲಿಲ್ಲವೆಂದು ಕಾಣುತ್ತದೆ, ತಟ್ಟೆಯಲ್ಲಿ ಕೈಯಾಡಿಸಿ ಅಕ್ಕಿ ಮುಟ್ಟಿ ನೋಡಿದಳು. ಆಮೇಲೆ ಎದ್ದು ಬಂದು ಕೂತು ಸೆರಗು ಒಡ್ಡಿದಳು. ಸ್ನಾನವಾಯಿತೋ ಇಲ್ಲವೋ ನೆನಪಿಲ್ಲದವಳ ಕೈ ಆಗ ಒಂದಿಷ್ಟೂ ತಪ್ಪಲಿಲ್ಲ. ನಾನು ಬೊಗಸೆಯಿಂದ ಅಕ್ಕಿ ಹಾಕಿದೆ. ಬೆಲ್ಲ, ಕೊಬ್ಬರಿ, ಬ್ಲೌಸ್ ಪೀಸು ಇಟ್ಟೆ. ತುಂಬಿಸಿಕೊಂಡ ಮೇಲೆ, ತವರು ಬರಿದಾಗಬಾರದೆಂದು, ಅವಳೇ ಉಡಿಯಿಂದ ಚಿಟಿಕೆ ಚಿಟಿಕೆ ಅಕ್ಕಿ ತೆಗೆದು ನನ್ನ ತಟ್ಟೆಗೆ ಮರಳಿ ಹಾಕಿದಳು. ಸೆರಗಿನ ತುದಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ಬೇಡವೆನ್ನುವ ಮೊದಲೇ ಬಗ್ಗಿ ನನ್ನ ಕಾಲು ಮುಟ್ಟಿದಳು. ನನಗೆ ಅಳು ತಡೆಯಲಾಗಲಿಲ್ಲ. ಹೆಣ್ಣುಮಗಳನ್ನು ಕಳಿಸುವಾಗ ವೈನಿ ಅತ್ತರೆ ಅದರಲ್ಲೇನೂ ವಿಶೇಷವಿಲ್ಲ, ಆದ್ದರಿಂದ ಅವ್ವನಿಗೆ ಸಂಶಯ ಬರಲಿಲ್ಲ.

"ಅಳಬ್ಯಾಡ್ರಿ, ಮತ್ತ ಪಂಚಮಿಗಿ ಬರತೀನಲ್ಲ," ಎಂದಳು.

ವೈನಿಯಾದವಳು ಆಡಬೇಕಾದ ಮಾತು ನನಗೂ ಗೊತ್ತಿತ್ತು. "ಅಷ್ಟ ಅವಸರ ಯಾಕ್ರಿ? ಇವತ್ತೊಂದಿನ ಇದ್ದು ಹೋಗ್ರಲ್ಲ. ಅವರು ಒಂದಿನ ಹೆಂಗರ ಮಾಡ್ಕೋತಾರ."

"ಅವರ ಚಿಂತಿ ಇಲ್ರಿ," ಎಂದಳು ಅವ್ವ. "ಅವರು ಕ್ಯಾಂಟೀನಿನ್ಯಾಗ ಉಣತಾರ. ಮಗಳ ಅದಾಳ್ರಿ ಅಲ್ಲೆ, ಸಣ್ಣಾಕಿ. ಬಾಜೂ ಮನ್ಯಾಗ ಬಿಟ್ಟ ಬಂದೇನಿ. ನನ್ನ ತೊಡಿ ಮ್ಯಾಲ ಕುಂತ್ರನ ಆಕಿಗೆ ತುತ್ತ ಇಳಿತೈತಿ. ಇಲ್ಲಂದ್ರ ಉಪಾಸ ಕುಂಡ್ರತಾಳ."

ಇಷ್ಟು ಸಂಜೆಗಳಲ್ಲಿ ನಾನು ಅವಳನ್ನು ತಡೆದದ್ದು, ಅಪ್ಪನ ಬಳಿಗೆ ಹೊರಟಿದ್ದಾಳೆ ಎಂದುಕೊಂಡು. ಯಾರಿಗಾಗಿ ಹೋಗುತ್ತೀ ಎಂದು ಒಂದು ದಿನವೂ ಕೇಳಿರಲಿಲ್ಲ. "ಆಕಿ ಉಂಡಾಳ್ರಿ, ಈಗ ಫೋನ್ ಬಂದಿತ್ತು," ಎಂದೆ.

ಅವ್ವ ಸೊಂಟಕ್ಕೆ ಸಿಕ್ಕಿಸಿದ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

"ಸುಳ್ಳ ಹೇಳಬ್ಯಾಡ್ರಿ ವೈನಿ. ನಾ ಹೋಗೂತನಕ ಆಕಿ ಉಣ್ಣಂಗಿಲ್ಲ."

ಉಡಿಯನ್ನು ಒಂದು ಕೈಯಿಂದ ಹಿಡಿದುಕೊಂಡು ಹೊಸ್ತಿಲು ದಾಟಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಮೆಟ್ಟಿಲು ಇಳಿದೆ. ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.